ಡ್ರೋನ್‌ಗೆ ಕಿವಿ ಇದೆಯೇ? ಆಕಾಶದಿಂದ ಕೂಗು ಪತ್ತೆ ಹಚ್ಚುವ ಮೈಕುಗಳ ಬಗ್ಗೆ ನಿಜವೆಷ್ಟು, ಉತ್ಪ್ರೇಕ್ಷೆ ಎಷ್ಟು?

ಗುಡ್ಡ ಕುಸಿದಾಗ, ಕಟ್ಟಡ ಬಿದ್ದಾಗ, ಕಾಡಿನಲ್ಲಿ ಯಾರಾದರೂ ದಾರಿ ತಪ್ಪಿದಾಗ ಡ್ರೋನ್ ಹಾರಿಸುವುದು ಈಗ ಮಾಮೂಲು. ಅದರ ಬೆನ್ನಲ್ಲೇ ಮೊಬೈಲ್‌ಗಳಲ್ಲಿ ಕೆಲವು ಮಾತುಗಳೂ ಹಾರಾಡುತ್ತವೆ. ‘ಮಣ್ಣಿನಡಿ ಸಿಲುಕಿದವರ ಎದೆಬಡಿತವನ್ನು ಡ್ರೋನ್ ಮೇಲಿನಿಂದಲೇ ಕೇಳಿಸಿಕೊಳ್ಳುತ್ತದೆ’ ಎಂಬುದು ಒಂದು ಬಗೆ. ‘ಊರಿನ ಮೇಲೆ ಹಾರುವ ಡ್ರೋನ್ ಮನೆಯೊಳಗಿನ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುತ್ತದೆ’ ಎಂಬುದು ಇನ್ನೊಂದು. ಇಂಥವು ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಒಂದು ಭರವಸೆ ಹುಟ್ಟಿಸುತ್ತದೆ, ಇನ್ನೊಂದು ಭಯ.

ಡ್ರೋನ್‌ಗೆ ಮೈಕುಗಳನ್ನು ಕಟ್ಟಿ, ನೆಲದ ಮೇಲಿನ ಸದ್ದು ಯಾವ ಜಾಗದಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವ ತಂತ್ರಜ್ಞಾನ ಇರುವುದು ನಿಜ. ಜಪಾನ್, ಜರ್ಮನಿ, ಫ್ರಾನ್ಸ್, ಬ್ರಿಟನ್‌ಗಳಲ್ಲಿ ಇದರ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಬಯಲಿನಲ್ಲಿ, ಕೆಲವು ಹತ್ತು ಮೀಟರ್ ದೂರದಿಂದ ಬರುವ ಕೂಗು, ಸೀಟಿ, ಚಪ್ಪಾಳೆಯಂಥ ಜೋರಾದ ಸದ್ದಿಗೆ ಅದು ಕಿವಿಗೊಡಬಲ್ಲದು. ಎದೆಬಡಿತ ಕೇಳಿಸಿಕೊಳ್ಳಲಾರದು. ಗೋಡೆಯಾಚೆಯ ಪಿಸುಮಾತೂ ಅದಕ್ಕೆ ಎಟುಕುವುದಿಲ್ಲ. ಯಾಕೆ ಎಂಬುದನ್ನು ತಿಳಿಯಲು ಮೊದಲು ಅದು ಕೆಲಸ ಮಾಡುವ ರೀತಿಯನ್ನು ನೋಡೋಣ.

ಸದ್ದು ಬಂದ ದಿಕ್ಕು ತಿಳಿಯುವುದು ಹೇಗೆ?

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಣ್ಣು ಮುಚ್ಚಿ ಕುಳಿತುಕೊಳ್ಳಿ, ಯಾರಾದರೂ ಕೋಣೆಯ ಒಂದು ಮೂಲೆಯಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸಲಿ. ಎಡವೋ ಬಲವೋ ಎಂದು ಕೂಡಲೇ ಬೆರಳು ತೋರಿಸುತ್ತೀರಿ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ, ತಲೆಯನ್ನು ಬಳಸಿ ಬಲಗಿವಿಗೆ ಹೋಗುವಷ್ಟರಲ್ಲಿ ತುಸು ತಡವಾಗುತ್ತದೆ. ಆ ತಡ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟನ್ನೂ ಮಿದುಳು ಲೆಕ್ಕ ಇಡುತ್ತದೆ. ಈಗ ಅದೇ ಗೊಂಚಲನ್ನು ಸರಿಯಾಗಿ ಮೂಗಿನ ನೇರಕ್ಕೆ, ಆಮೇಲೆ ಹಿಂದಲೆಯ ನೇರಕ್ಕೆ ಹಿಡಿದು ಅಲ್ಲಾಡಿಸಲು ಹೇಳಿ. ಗೊಂದಲ ಶುರುವಾಗುತ್ತದೆ. ಎರಡೂ ಕಿವಿಗೆ ಸದ್ದು ಒಟ್ಟಿಗೇ ತಲುಪುವುದರಿಂದ ಮುಂದೆಯೋ ಹಿಂದೆಯೋ ಗೊತ್ತಾಗುವುದಿಲ್ಲ. ಆಗ ನಾವು ನಮಗೇ ಅರಿವಿಲ್ಲದಂತೆ ತಲೆ ಹೊರಳಿಸುತ್ತೇವೆ.

ಮೈಕುಗಳೂ ಇದನ್ನೇ ಮಾಡುತ್ತವೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಸದ್ದು ಗಾಳಿಯಲ್ಲಿ ಸೆಕೆಂಡಿಗೆ 346 ಮೀಟರ್ ಸಾಗುತ್ತದೆ. ಎರಡು ಮೈಕುಗಳ ನಡುವೆ 20 ಸೆಂಟಿಮೀಟರ್ ಅಂತರವಿದ್ದರೆ, ಅವುಗಳಿಗೆ ಸದ್ದು ತಲುಪುವ ಹೊತ್ತಿನಲ್ಲಿ ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ 6 ಪಾಲಿನಷ್ಟು ವ್ಯತ್ಯಾಸ ಬರುತ್ತದೆ. ಮನುಷ್ಯನಿಗೆ ಇದು ಕಣ್ಣು ಮಿಟುಕಿಸುವುದಕ್ಕಿಂತಲೂ ಎಷ್ಟೋ ಚಿಕ್ಕದು. ಆದರೆ ಸೆಕೆಂಡಿಗೆ 48,000 ಬಾರಿ ಸದ್ದನ್ನು ಅಳೆಯುವ ಸಾಮಾನ್ಯ ರೆಕಾರ್ಡರ್‌ಗೆ ಆ ಅವಧಿಯಲ್ಲಿ ಸುಮಾರು 28 ಅಳತೆಗಳು ಸಿಗುತ್ತವೆ. ದಿಕ್ಕು ಹೇಳಲು ಅಷ್ಟು ಸಾಕು.

ಎರಡೇ ಮೈಕ್ ಇದ್ದರೆ ನಮ್ಮ ಕಿವಿಗೆ ಆಗುವ ಗೊಂದಲವೇ ಅವಕ್ಕೂ ಆಗುತ್ತದೆ. ಅದಕ್ಕಾಗಿ 8, 16, 32 ಮೈಕುಗಳನ್ನು ಬೇರೆಬೇರೆ ಎತ್ತರದಲ್ಲಿ, ಬೇರೆಬೇರೆ ದಿಕ್ಕಿಗೆ ಜೋಡಿಸುತ್ತಾರೆ. ಪ್ರತಿ ಜೋಡಿಯೂ ಒಂದೊಂದು ಸುಳಿವು ಕೊಡುತ್ತದೆ, ಎಲ್ಲ ಸುಳಿವುಗಳೂ ಕೂಡುವ ದಿಕ್ಕೇ ಉತ್ತರ. ಈ ಲೆಕ್ಕಕ್ಕೆ ಬಳಸುವ ಹೆಸರಾಂತ ವಿಧಾನವೊಂದಕ್ಕೆ ‘ಮ್ಯೂಸಿಕ್’ ಎಂದು ಹೆಸರು. ಸಂಗೀತಕ್ಕೂ ಅದಕ್ಕೂ ಸಂಬಂಧವಿಲ್ಲ. ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳು ಹಾಗೆ ಕೂಡಿಕೊಂಡಿವೆ ಅಷ್ಟೇ.

ಈ ವಿದ್ಯೆ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ, ಕಣ್ಣಿಗೆ ಕಾಣದ ಜರ್ಮನ್ ಫಿರಂಗಿಗಳು ಎಲ್ಲಿವೆ ಎಂಬುದನ್ನು ಸಾಲಾಗಿ ಇಟ್ಟ ಮೈಕುಗಳಿಂದ ಪತ್ತೆ ಹಚ್ಚುತ್ತಿತ್ತು. ಆ ಕೆಲಸದ ಮುಂಚೂಣಿಯಲ್ಲಿದ್ದವರು 1915ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ವಿಲಿಯಂ ಲಾರೆನ್ಸ್ ಬ್ರ್ಯಾಗ್. ನಿಮ್ಮ ಕೈಯಲ್ಲಿರುವ ಮೊಬೈಲ್‌ನಲ್ಲೂ ಇದರ ತುಣುಕು ಇದೆ. ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿ ಎರಡೋ ಮೂರೋ ಮೈಕ್ ಇರುತ್ತವೆ. ಕೆಳಗಿನದು ನಿಮ್ಮ ಮಾತಿಗೆ, ಮೇಲಿನದು ಸುತ್ತಲ ಗದ್ದಲವನ್ನು ಅಳೆದು ಕಳೆಯಲಿಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತನಾಡಿದರೂ ಆಚೆ ಬದಿಯವರಿಗೆ ನಿಮ್ಮ ಮಾತು ಅರ್ಥವಾಗುವುದು ಇದರಿಂದ.

ದಿಕ್ಕಿನಿಂದ ಜಾಗಕ್ಕೆ

‘ಸದ್ದು ಆ ಕಡೆಯಿಂದ ಬಂತು’ ಎಂದರೆ ರಕ್ಷಣಾ ತಂಡಕ್ಕೆ ಸಾಲದು. ಯಾವ ಬಂಡೆಯ ಹಿಂದೆ, ಯಾವ ಗೋಡೆಯ ಪಕ್ಕ ಎಂದು ಗೊತ್ತಾಗಬೇಕು. ಇಲ್ಲಿ ಡ್ರೋನ್‌ಗೆ ಒಂದು ಅನುಕೂಲವಿದೆ. ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಯಾವ ಕಡೆಗೆ ಎಷ್ಟು ವಾಲಿದ್ದೇನೆ ಎಂಬುದು ಅದರೊಳಗಿನ ಜಿಪಿಎಸ್ ಮತ್ತು ಸೆನ್ಸರ್‌ಗಳಿಗೆ ಗೊತ್ತು. ಮೈಕುಗಳು ಹೇಳಿದ ದಿಕ್ಕಿಗೆ ಡ್ರೋನ್‌ನಿಂದ ಒಂದು ಗೆರೆ ಎಳೆದು, ಅದು ನೆಲಕ್ಕೆ ತಾಕುವ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡುತ್ತಾರೆ.

ಆದರೆ ಆ ಗೆರೆ ಸ್ವಲ್ಪ ಅಲುಗಿದರೂ ಗುರುತು ಎಲ್ಲಿಗೋ ಹೋಗುತ್ತದೆ. ಒಂದು ಲೆಕ್ಕ ನೋಡಿ. ಡ್ರೋನ್ 20 ಮೀಟರ್ ಎತ್ತರದಲ್ಲಿದೆ, ದಿಕ್ಕಿನ ಅಂದಾಜಿನಲ್ಲಿ 5 ಡಿಗ್ರಿ ತಪ್ಪಿದೆ ಎಂದಿಟ್ಟುಕೊಳ್ಳಿ. ಕೂಗಿದವರು ಸರಿಯಾಗಿ ಅದರ ಕೆಳಗಿದ್ದರೆ ನೆಲದ ಮೇಲಿನ ತಪ್ಪು 2 ಮೀಟರಿಗಿಂತ ಕಡಿಮೆ. 20 ಮೀಟರ್ ಆಚೆ ಇದ್ದರೆ ತಪ್ಪು 4 ಮೀಟರಿನ ಹತ್ತಿರ. 75 ಮೀಟರ್ ಆಚೆ ಇದ್ದರೆ ಅದೇ 5 ಡಿಗ್ರಿಯ ತಪ್ಪಿನಿಂದ ಗುರುತು ಸುಮಾರು 40 ಮೀಟರ್ ದೂರಕ್ಕೆ ಜಾರಬಹುದು. ಆದ್ದರಿಂದ ಇಂಥ ಡ್ರೋನ್ ಮೊದಲು ದೂರದಿಂದ ಸುಳಿವು ಹಿಡಿದು, ಆ ಕಡೆಗೆ ಹೋಗಿ, ಸದ್ದಿನ ನೆತ್ತಿಯ ಮೇಲೆ ನಿಂತು ಮತ್ತೆ ಕೇಳಿಸಿಕೊಳ್ಳಬೇಕು. ನಾವು ತಲೆ ಹೊರಳಿಸುವಂತೆ ಅದು ಜಾಗ ಬದಲಿಸುತ್ತದೆ. ಈ ಹೊತ್ತಿನಲ್ಲಿ ಕೆಳಗಿದ್ದವರು ಕೂಗುತ್ತಲೇ ಇರಬೇಕು. ಒಂದೇ ಒಂದು ಸಲ ಕೂಗಿ ಸುಮ್ಮನಾದರೆ ಅದು ಹಾದಿ ತಪ್ಪುತ್ತದೆ.

ದೊಡ್ಡ ಶತ್ರು ಡ್ರೋನ್ ಮಾಡುವ ಸದ್ದೇ

ಇಲ್ಲಿಯವರೆಗೆ ಎಲ್ಲ ಸಲೀಸು ಎನ್ನಿಸಿರಬಹುದು. ಮದುವೆಯಲ್ಲಿ ಡ್ರೋನ್ ತಲೆಯ ಮೇಲೆ ಬಂದಾಗ ಆಗುವ ‘ಗುಂಯ್’ ಎಂಬ ಸದ್ದನ್ನು ನೆನಪಿಸಿಕೊಂಡರೆ ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ. ನಮಗೆ ಹತ್ತಾರು ಅಡಿ ಕೆಳಗೆ ನಿಂತು ಅಷ್ಟು ಕಿರಿಕಿರಿಯಾದರೆ, ಅದರ ಮೈಗೇ ಅಂಟಿಕೊಂಡ ಮೈಕಿನ ಗತಿ ಏನು? ಮಿಕ್ಸಿ ತಿರುಗುತ್ತಿರುವಾಗ ಅದರ ಮೇಲೆ ಕಿವಿಯಿಟ್ಟು, ಪಕ್ಕದ ಬೀದಿಯಲ್ಲಿ ಯಾರು ಕರೆಯುತ್ತಿದ್ದಾರೆ ಎಂದು ಕೇಳಿಸಿಕೊಳ್ಳುವ ಕೆಲಸ ಅದು.

ಅಂಕಿಗಳಲ್ಲಿ ಹೇಳುವುದಾದರೆ, ಜೋರಾಗಿ ಕೂಗಿದ ದನಿ 1 ಮೀಟರ್ ದೂರದಲ್ಲಿ 90 ಡೆಸಿಬೆಲ್ ಇದೆ ಎಂದುಕೊಳ್ಳೋಣ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 32 ಮೀಟರ್ ದಾಟುವಷ್ಟರಲ್ಲಿ ಉಳಿಯುವುದು 60. ಅತ್ತ, ಮೈಕಿನ ಪಕ್ಕದಲ್ಲೇ ತಿರುಗುವ ಪ್ರೊಪೆಲ್ಲರ್‌ಗಳ ಸದ್ದು 90ರ ಆಸುಪಾಸು ಇದ್ದರೆ, ನಡುವೆ 30 ಡೆಸಿಬೆಲ್ ವ್ಯತ್ಯಾಸ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10ಕ್ಕೂ ಶಕ್ತಿ ಹತ್ತು ಪಟ್ಟು, ಹಾಗಾಗಿ 30 ಎಂದರೆ ಸಾವಿರ ಪಟ್ಟು. ಕೂಗಿಗಿಂತ ಸಾವಿರ ಪಟ್ಟು ಶಕ್ತಿಯ ಗದ್ದಲದೊಳಗಿಂದ ಕೂಗನ್ನು ಹೆಕ್ಕಬೇಕು.

ಸದ್ದಿನ ಸ್ವಭಾವವೂ ತೊಂದರೆ ಕೊಡುತ್ತದೆ. ಎರಡು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಸೆಕೆಂಡಿಗೆ 200 ಬಾರಿ ಗಾಳಿಯನ್ನು ಕಡಿಯುತ್ತದೆ. ಅಂದರೆ 200 ಹರ್ಟ್ಜ್‌ನ ಸ್ವರ, ಅದರ ಜೊತೆಗೆ 400, 600, 800 ಹೀಗೆ ಮೇಲಿನ ಸ್ವರಗಳು. ಮನುಷ್ಯರ ಮಾತಿನ ಮೂಲ ಸ್ವರ ಇರುವುದೂ ಸುಮಾರು 100ರಿಂದ 250 ಹರ್ಟ್ಜ್ ನಡುವೆ! ಕೇಳಬೇಕಾದ ದನಿ ಇರುವ ಕಡೆಯೇ ಗದ್ದಲವೂ ಕುಳಿತಿದೆ. ಗಾಳಿ ಬೀಸಿದರೆ ಡ್ರೋನ್ ಸಮತೋಲನಕ್ಕಾಗಿ ನಾಲ್ಕೂ ಮೋಟರ್‌ಗಳ ವೇಗವನ್ನು ಕ್ಷಣಕ್ಷಣವೂ ಬದಲಿಸುತ್ತದೆ, ಹಾಗಾಗಿ ಗದ್ದಲವೂ ಒಂದೇ ರೀತಿ ಇರುವುದಿಲ್ಲ. ಸಾಲದ್ದಕ್ಕೆ ಪ್ರೊಪೆಲ್ಲರ್ ತಳ್ಳುವ ಗಾಳಿ ಮೈಕಿಗೆ ಬಡಿಯುತ್ತದೆ. ಬೈಕಿನಲ್ಲಿ ಹೋಗುತ್ತಾ ಫೋನಿನಲ್ಲಿ ಮಾತನಾಡಿದರೆ ಕೇಳಿಸುವ ‘ಭರ್ರ್’ ಸದ್ದಿನ ಹಾಗೆ.

ಇದನ್ನು ಗೆಲ್ಲಲು ಸಂಶೋಧಕರು ಹಿಡಿದಿರುವ ದಾರಿಗಳು ಹಲವು. ಒಂದು, ಮೈಕುಗಳ ಸಂಖ್ಯೆ ಹೆಚ್ಚಿಸುವುದು. ಒಂದು ದಿಕ್ಕಿನ ದನಿ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಎಲ್ಲ ಮೈಕುಗಳ ರೆಕಾರ್ಡಿಂಗ್ ಕೂಡಿಸಿದರೆ ಆ ದನಿ ಬಲವಾಗುತ್ತದೆ, ಉಳಿದದ್ದು ಚದುರುತ್ತದೆ. 16 ಮೈಕ್ ಇದ್ದರೆ, ಎಲ್ಲವೂ ಪುಸ್ತಕದಲ್ಲಿ ಬರೆದಂತೆ ನಡೆದರೆ, 12 ಡೆಸಿಬೆಲ್ ಲಾಭ. ನಮಗೆ ಬೇಕಿರುವುದು 30, ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ. ಅದಕ್ಕೆ ಇನ್ನೊಂದು ಉಪಾಯ ಸೇರಿಸುತ್ತಾರೆ. ಪ್ರೊಪೆಲ್ಲರ್‌ಗಳು ಇರುವ ಜಾಗ ಬದಲಾಗುವುದಿಲ್ಲವಾದ್ದರಿಂದ ಆ ನಾಲ್ಕು ದಿಕ್ಕುಗಳಿಗೆ ಮಾತ್ರ ‘ಕಿವುಡು’ ಆಗುವಂತೆ ಲೆಕ್ಕ ಹೊಂದಿಸಬಹುದು. ಮೋಟರ್ ಎಷ್ಟು ವೇಗದಲ್ಲಿದೆ ಎಂಬ ಮಾಹಿತಿಯಿಂದ ಅದರ ಸದ್ದನ್ನು ಊಹಿಸಿ ಕಳೆಯಬಹುದು. ಇತ್ತೀಚೆಗೆ, ಸಾವಿರಾರು ಉದಾಹರಣೆಗಳನ್ನು ಕೇಳಿಸಿ ಕಂಪ್ಯೂಟರ್‌ಗೇ ಕಲಿಸುವ ಎಐ ವಿಧಾನವೂ ಬಂದಿದೆ.

ಎಲ್ಲಕ್ಕಿಂತ ಸರಳ ಉಪಾಯ ಮೈಕನ್ನೇ ದೂರ ಇಡುವುದು. ಅಮೆರಿಕದ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಕಾಲೇಜಿನ ಪಕ್ಷಿ ಅಧ್ಯಯನಕಾರರು ಹಾಡುಹಕ್ಕಿಗಳನ್ನು ಎಣಿಸಲು ಡ್ರೋನ್‌ನಿಂದ ಸುಮಾರು 8 ಮೀಟರ್ ದಾರದಲ್ಲಿ ರೆಕಾರ್ಡರ್ ಇಳಿಬಿಟ್ಟರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ನೆಲದ ಮೇಲೆ ನಿಂತು ಎಣಿಸಿದವರ ಲೆಕ್ಕಕ್ಕೂ ಡ್ರೋನ್ ಲೆಕ್ಕಕ್ಕೂ ಹೆಚ್ಚುಕಡಿಮೆ ತಾಳೆ ಬಂತು. ಆದರೆ ತಗ್ಗಿದ ದನಿಯಲ್ಲಿ ಕೂಗುವ ಪಾರಿವಾಳದ ಜಾತಿಯ ಹಕ್ಕಿಯ ಸ್ವರ ಡ್ರೋನ್ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ದಾರದ ಉಪಾಯವನ್ನು ಎಲ್ಲ ಕಡೆ ಬಳಸಲಾಗದು. ತೂಗಾಡುವ ಮೈಕಿನಿಂದ ಸದ್ದು ಕೇಳಬಹುದು, ಅದರ ದಿಕ್ಕನ್ನು ನಿಖರವಾಗಿ ಹೇಳುವುದು ಕಷ್ಟ. ಕುಸಿದ ಕಟ್ಟಡದ ಕಂಬಿಗಳ ನಡುವೆ ದಾರ ಸಿಕ್ಕಿಕೊಂಡರೆ ಡ್ರೋನೂ ಹೋಯಿತು.

ಯಾರು, ಎಲ್ಲಿಯವರೆಗೆ ಬಂದಿದ್ದಾರೆ?

ಹೆಚ್ಚು ದೂರ ಸಾಗಿರುವುದು ಜಪಾನ್ ಎನ್ನಬಹುದು. ಭೂಕಂಪಗಳ ನಾಡಾದ ಅಲ್ಲಿ, ದುರಂತದ ಜಾಗದಲ್ಲೂ ಕೆಲಸ ಮಾಡಬಲ್ಲ ಗಟ್ಟಿ ರೋಬೋಟ್‌ಗಳಿಗಾಗಿ ಸರ್ಕಾರವೇ ದೊಡ್ಡ ಯೋಜನೆ ನಡೆಸಿತು. ಅದರ ಭಾಗವಾಗಿ ಕಜುಹಿರೊ ನಕದಾಯ್, ಹಿರೋಶಿ ಒಕುನೊ, ಮಕೊತೊ ಕುಮೋನ್ ಮೊದಲಾದವರ ತಂಡ 16 ಮೈಕುಗಳ ಡ್ರೋನ್ ಕಟ್ಟಿತು. 2017ರ ಡಿಸೆಂಬರ್‌ನಲ್ಲಿ ಅದರ ವಿವರ ಹೊರಬಂತು. ಕೃತಕ ಅವಶೇಷಗಳ ನಡುವೆ ಅಡಗಿದ ವ್ಯಕ್ತಿಯ ದನಿಯನ್ನು ಹಿಡಿದು, ಆ ಜಾಗವನ್ನು ಮೂರು ಆಯಾಮದ ನಕ್ಷೆಯ ಮೇಲೆ ತೋರಿಸುವ ವ್ಯವಸ್ಥೆ ಅದು. ಅದರ ಹಿಂದೆ ಇರುವ ‘ಹಾರ್ಕ್’ ಎಂಬ ಸಾಫ್ಟ್‌ವೇರನ್ನು ಹೋಂಡಾ ಸಂಶೋಧನಾ ಸಂಸ್ಥೆ ಮತ್ತು ಕ್ಯೋಟೊ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. 2008ರಿಂದಲೇ ಅದನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು.

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಮಕರೇನಾ ವರೇಲಾ ಮತ್ತು ಸಂಗಡಿಗರು 2021ರ ಜೂನ್‌ನಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಸಭೆಯಲ್ಲಿ ತಮ್ಮ ಕೆಲಸ ಮಂಡಿಸಿದಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ‘ಕಿರುಚಾಟ ಹುಡುಕುವ ಡ್ರೋನ್’ ಎಂಬಂಥ ತಲೆಬರಹಗಳು ಬಂದದ್ದು ಆಗಲೇ. ಮೊಬೈಲಿನಲ್ಲಿ ಇರುವಂಥ ಚಿಕ್ಕ, ಅಗ್ಗದ ಮೈಕುಗಳನ್ನೇ 32ರ ಗುಂಪಾಗಿ ಜೋಡಿಸಿ ಅವರು ಅದನ್ನು ‘ಕಾಗೆಗೂಡು’ ಎಂದು ಕರೆದರು. ಕಿರುಚುವುದು, ಚಪ್ಪಾಳೆ ತಟ್ಟುವುದು, ಏನನ್ನಾದರೂ ಬಡಿಯುವುದು ಇವೇ ಮೊದಲಾದ, ಸಂಕಟದಲ್ಲಿರುವವರು ಮಾಡುವ ಥಟ್ಟನೆಯ ಸದ್ದುಗಳನ್ನು ಗುರುತಿಸುವಂತೆ ಅದಕ್ಕೆ ಕಲಿಸಲಾಗಿತ್ತು.

ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರು ಹಾರುವ ಡ್ರೋನ್ ಮೇಲಿನ 8 ಮೈಕುಗಳ ರೆಕಾರ್ಡಿಂಗ್‌ಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 2019ರಲ್ಲಿ ವಿದ್ಯಾರ್ಥಿ ತಂಡಗಳಿಗಾಗಿ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ನಡೆದದ್ದೂ ಇದೇ ಸಮಸ್ಯೆಯ ಮೇಲೆ: ಗದ್ದಲದ ಡ್ರೋನ್ ರೆಕಾರ್ಡಿಂಗ್ ಕೊಡುತ್ತೇವೆ, ಮಾತು ಯಾವ ದಿಕ್ಕಿನಿಂದ ಬಂತು ಹೇಳಿ. ಇಷ್ಟೆಲ್ಲ ಆದರೂ ಇದು ಪೊಲೀಸ್ ಠಾಣೆ, ಅಗ್ನಿಶಾಮಕ ಕಚೇರಿಗಳಲ್ಲಿ ಸಿದ್ಧವಾಗಿ ಕುಳಿತಿರುವ ಉಪಕರಣ ಎಂದುಕೊಳ್ಳಬೇಡಿ. ನೀವು ನೋಡುವ ಡ್ರೋನ್‌ಗಳಲ್ಲಿ ಬಹುತೇಕ ಎಲ್ಲವೂ ಕ್ಯಾಮೆರಾ ಡ್ರೋನ್‌ಗಳೇ.

ಇನ್ನೊಂದು ಸಂಗತಿಯನ್ನು ಇದರ ಜೊತೆ ಬೆರೆಸುವುದುಂಟು. ಉಕ್ರೇನಿನಲ್ಲಿ ಸಾವಿರಾರು ಮೈಕುಗಳ ಜಾಲ ಬಳಸುತ್ತಿರುವ ಸುದ್ದಿ ನಿಜ. ಆದರೆ ಅವು ನೆಲದ ಮೇಲೆ, ಕಂಬಗಳ ಮೇಲೆ ಇರುವ ಮೈಕುಗಳು. ಬರುತ್ತಿರುವ ಡ್ರೋನ್‌ನ ಸದ್ದನ್ನು ಕೇಳುವುದು ಅವುಗಳ ಕೆಲಸ. ಡ್ರೋನ್ ಕೇಳುವುದಕ್ಕಿಂತ ಡ್ರೋನನ್ನು ಕೇಳುವುದು ಬಹಳ ಸುಲಭ. ಕಾರಣ ಈಗ ನಿಮಗೆ ಗೊತ್ತು.

ಎದೆಬಡಿತದ ಮಾತು

ವೈದ್ಯರು ಎದೆಬಡಿತ ಕೇಳಲು ಸ್ಟೆತಸ್ಕೋಪನ್ನು ಮೈಗೆ ಒತ್ತಿ ಹಿಡಿಯುತ್ತಾರೆ. ಒಂದು ಅಡಿ ದೂರ ಹಿಡಿದರೆ ಏನೂ ಕೇಳುವುದಿಲ್ಲ. ಅಂಥ ಸದ್ದು ಮಣ್ಣು, ಕಾಂಕ್ರೀಟ್ ದಾಟಿ, ಗಾಳಿಯಲ್ಲಿ ಮೇಲೇರಿ, ಪ್ರೊಪೆಲ್ಲರ್ ಗದ್ದಲದ ನಡುವೆ ಮೈಕಿಗೆ ತಲುಪುವ ಮಾತೇ ಇಲ್ಲ.

ಇದಕ್ಕೆ ಭೌತಶಾಸ್ತ್ರದ ಒಂದು ಗಟ್ಟಿ ಕಾರಣವೂ ಇದೆ. ಗಟ್ಟಿ ವಸ್ತುವಿನೊಳಗೆ ಸದ್ದು ಚೆನ್ನಾಗಿ ಸಾಗುತ್ತದೆ, ಆದರೆ ಅಲ್ಲಿಂದ ಗಾಳಿಗೆ ದಾಟುವಾಗ ಹೆಚ್ಚಿನ ಪಾಲು ವಾಪಸ್ ಪುಟಿಯುತ್ತದೆ. ಕಾಂಕ್ರೀಟಿನಿಂದ ನೇರವಾಗಿ ಗಾಳಿಗೆ ಬರುವಾಗ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲೂ ದಾಟುವುದಿಲ್ಲ. ಮರದ ಮೇಜಿನ ಒಂದು ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಇನ್ನೊಂದು ತುದಿಗೆ ಕಿವಿಯನ್ನು ಒತ್ತಿ ಕೇಳಿ, ಆಮೇಲೆ ಕಿವಿ ಎತ್ತಿ ಕೇಳಿ. ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅವಶೇಷಗಳಡಿ ಆಳದಲ್ಲಿ ಸಿಲುಕಿದವರನ್ನು ಹುಡುಕುವ ತಂಡಗಳು ಕಾಂಕ್ರೀಟ್ ಚಪ್ಪಡಿಗೇ ತಾಗಿಸಿ ಇಡುವ ಸೆನ್ಸರ್‌ಗಳನ್ನು ಬಳಸುವುದು ಇದಕ್ಕೇ. ನಮ್ಮ ಎನ್‌ಡಿಆರ್‌ಎಫ್ ಬಳಿಯೂ ‘ಲೈಫ್ ಡಿಟೆಕ್ಟರ್’ ಎಂದು ಕರೆಯುವ ಇಂಥ ಉಪಕರಣಗಳಿವೆ.

ಹಾಗಾದರೆ ಎದೆಬಡಿತದ ಸುದ್ದಿ ಎಲ್ಲಿಂದ ಹುಟ್ಟಿತು? ಅದಕ್ಕೂ ಒಂದು ನಿಜವಾದ ಮೂಲವಿದೆ. 2015ರ ನೇಪಾಳ ಭೂಕಂಪದಲ್ಲಿ ಚೌತಾರಾ ಎಂಬಲ್ಲಿ ಅವಶೇಷಗಳಡಿ ಇದ್ದ ನಾಲ್ವರನ್ನು ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಫೈಂಡರ್’ ಎಂಬ ಉಪಕರಣ ಪತ್ತೆ ಮಾಡಿತು. ಅದು ಗುರುತಿಸಿದ್ದು ಎದೆಬಡಿತ ಮತ್ತು ಉಸಿರಾಟವನ್ನೇ. ಆದರೆ ಫೈಂಡರ್ ಒಂದು ರೇಡಾರ್. ರೇಡಿಯೊ ಅಲೆಗಳನ್ನು ಕಳಿಸಿ, ಎದೆಯ ಅತಿ ಸಣ್ಣ ಏರಿಳಿತದಿಂದ ವಾಪಸ್ ಬರುವ ಅಲೆಯಲ್ಲಿ ಆಗುವ ಬದಲಾವಣೆಯನ್ನು ಅದು ಅಳೆಯುತ್ತದೆ. ಅದರಲ್ಲಿ ಮೈಕ್ ಇಲ್ಲ. ಅದನ್ನು ಬಳಸಿದ್ದೂ ನೆಲದ ಮೇಲಿಟ್ಟು.

2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಗಂಗಾವಳಿ ನದಿಯಲ್ಲಿ ಲಾರಿ ಹುಡುಕಲು ಡ್ರೋನ್ ಆಧಾರಿತ ಉಪಕರಣ ತಂದದ್ದು ಅನೇಕರಿಗೆ ನೆನಪಿರಬಹುದು. ಅದೂ ಮಣ್ಣಿನಡಿ, ನೀರಿನಡಿ ಇರುವ ಲೋಹದಂಥ ವಸ್ತುವಿನ ಸುಳಿವು ಹುಡುಕುವ ಬಗೆಯದು, ಸದ್ದು ಕೇಳುವ ಬಗೆಯದಲ್ಲ. ಈ ಮೂರನ್ನೂ ಒಂದೇ ಗಂಟು ಕಟ್ಟಿದರೆ ‘ಡ್ರೋನ್ ಎದೆಬಡಿತ ಕೇಳುತ್ತದೆ’ ಎಂಬ ಫಾರ್ವರ್ಡ್ ತಯಾರು.

ಮನೆಯೊಳಗಿನ ಮಾತು ಕೇಳುತ್ತದೆಯೇ?

ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಸಾಮಾನ್ಯ ಮಾತು 1 ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. 32 ಮೀಟರ್ ಮೇಲೆ ಹೋಗುವಷ್ಟರಲ್ಲಿ 30. ಪ್ರೊಪೆಲ್ಲರ್ ಗದ್ದಲ 90. ವ್ಯತ್ಯಾಸ 60 ಡೆಸಿಬೆಲ್, ಅಂದರೆ ಹತ್ತು ಲಕ್ಷ ಪಟ್ಟು. ನಡುವೆ ಒಂದು ತಾರಸಿಯೂ ಇದ್ದರೆ ಮುಗಿದೇ ಹೋಯಿತು. ಹಾರುವ ಡ್ರೋನ್ ನಿಮ್ಮ ಮಾತು ಕದಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅದರ ಕ್ಯಾಮೆರಾ ನಿಮ್ಮ ಅಂಗಳ, ಮಹಡಿ, ಕಿಟಕಿಯನ್ನು ನೋಡುತ್ತಿದ್ದರೆ ಆಕ್ಷೇಪಿಸುವುದು ಮಾತ್ರ ನ್ಯಾಯವೇ, ಅದಕ್ಕೆ ಪೊಲೀಸರಿಗೆ ದೂರು ಕೊಡಬಹುದು.

ಇಲ್ಲೊಂದು ಉಪಯುಕ್ತ ಗುಟ್ಟು. ಮದುವೆ, ಜಾತ್ರೆಗಳಲ್ಲಿ ಕಾಣುವ ಬಹುತೇಕ ಕ್ಯಾಮೆರಾ ಡ್ರೋನ್‌ಗಳಲ್ಲಿ ವಿಡಿಯೊ ಜೊತೆ ಧ್ವನಿ ದಾಖಲಿಸುವ ಮೈಕೇ ಇರುವುದಿಲ್ಲ. ಇಟ್ಟರೂ ಕೇಳುವುದು ಗುಂಯ್‌ಗುಟ್ಟುವ ಸದ್ದು ಮಾತ್ರ ಎಂದು ತಯಾರಕರಿಗೆ ಗೊತ್ತು. ಹಾಗಾಗಿ ಎತ್ತರದಿಂದ ತೆಗೆದ ಡ್ರೋನ್ ವಿಡಿಯೊದಲ್ಲಿ ಕೆಳಗಿನವರ ಅಳು, ಕೂಗು, ಘೋಷಣೆ ಸ್ಪಷ್ಟವಾಗಿ ಕೇಳುತ್ತಿದ್ದರೆ, ಆ ಧ್ವನಿಯನ್ನು ಬೇರೆ ಕಡೆಯಿಂದ ತಂದು ಸೇರಿಸಿರುವ ಸಾಧ್ಯತೆಯೇ ಹೆಚ್ಚು. ದೃಶ್ಯ ನಿಜವಿದ್ದು ಧ್ವನಿ ಮಾತ್ರ ಬೇರೆಯದಾಗಿರುವುದೂ ಉಂಟು. ಗಲಭೆ, ದುರಂತಗಳ ವಿಡಿಯೊ ಕೈಗೆ ಬಂದಾಗ ಮೊದಲು ಇದನ್ನೊಂದು ನೋಡಿ.

ಮೌನದ ಬೆಲೆ

1995ರ ಜನವರಿಯಲ್ಲಿ ಜಪಾನಿನ ಕೋಬೆ ಪ್ರದೇಶದಲ್ಲಿ ಭೂಕಂಪವಾದಾಗ, ಸುದ್ದಿ ಸಂಸ್ಥೆಗಳ ಹೆಲಿಕಾಪ್ಟರ್ ಸದ್ದಿನಿಂದ ಅವಶೇಷಗಳಡಿಯ ದನಿಗಳು ಕೇಳಿಸಲಿಲ್ಲ ಎಂಬ ದೂರು ಬಲವಾಗಿ ಎದ್ದಿತು. 2017ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊ ನಗರದಲ್ಲಿ ಕಟ್ಟಡಗಳು ಉರುಳಿದಾಗ, ರಕ್ಷಣೆಗೆ ನಿಂತವರು ಮುಷ್ಟಿ ಎತ್ತಿದರೆ ನೂರಾರು ಜನರ ಗುಂಪು ಒಮ್ಮೆಲೇ ಸ್ತಬ್ಧವಾಗುತ್ತಿತ್ತು. 2023ರ ಫೆಬ್ರುವರಿಯಲ್ಲಿ ಟರ್ಕಿಯಲ್ಲೂ ಅಷ್ಟೇ. ಯಂತ್ರಗಳನ್ನು ನಿಲ್ಲಿಸಿ, ‘ನನ್ನ ದನಿ ಯಾರಿಗಾದರೂ ಕೇಳುತ್ತಿದೆಯೇ’ ಎಂದು ಕೂಗಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಭಾರತದ ಎನ್‌ಡಿಆರ್‌ಎಫ್ ತಂಡಗಳೂ ಅಲ್ಲಿಗೆ ಹೋಗಿದ್ದವು.

ಡ್ರೋನ್ ಮೈಕುಗಳ ಇಕ್ಕಟ್ಟು ಇರುವುದು ಇಲ್ಲೇ. ಕೇಳಲೆಂದು ಕಳಿಸಿದ ಯಂತ್ರವೇ ಗದ್ದಲ ತರುತ್ತದೆ. ಕುಸಿದ ಕಟ್ಟಡದ ಮೇಲೆ, ಕಿವಿಗೊಟ್ಟು ಕುಳಿತವರ ನೆತ್ತಿಯಲ್ಲಿ ಅದನ್ನು ಹಾರಿಸುವುದು ಕೆಲವೊಮ್ಮೆ ಉಪಕಾರಕ್ಕಿಂತ ಅಪಕಾರ. ನಮ್ಮ ಅಭಿಪ್ರಾಯದಲ್ಲಿ ಅದರ ನಿಜವಾದ ಜಾಗ ಬಯಲು, ಕಾಡು, ನೆರೆ ನೀರು ನಿಂತ ಊರು, ಕಾಲಿಡಲಾಗದ ಇಳಿಜಾರು. ಎಲೆಗಳ ಮರೆಯಲ್ಲಿ, ಕತ್ತಲಲ್ಲಿ, ಹೊಗೆಯಲ್ಲಿ ಕ್ಯಾಮೆರಾಗೆ ಕಾಣದವರ ಕೂಗು ಅದಕ್ಕೆ ಸಿಗಬಹುದು.

ಆದ್ದರಿಂದ ದುರಂತದ ಜಾಗದಲ್ಲಿ ನೀವಿದ್ದರೆ ವಿಡಿಯೊಗಾಗಿ ಸ್ವಂತ ಡ್ರೋನ್ ಹಾರಿಸಬೇಡಿ. ರಕ್ಷಣಾ ತಂಡ ಸುಮ್ಮನಿರಿ ಎಂದಾಗ ವಾಹನದ ಎಂಜಿನ್, ಜನರೇಟರ್, ಫೋನ್ ಎಲ್ಲ ಬಂದ್ ಆಗಲಿ.

ನೀವೇ ಸಿಲುಕಿದರೆ? ಸಾಧ್ಯವಾದರೆ ಮೊದಲು 112ಕ್ಕೆ ಕರೆ ಮಾಡಿ. ಮೂಗು, ಬಾಯಿಗೆ ಬಟ್ಟೆ ಹಿಡಿದು ಪೈಪನ್ನೋ ಗೋಡೆಯನ್ನೋ ಕಲ್ಲಿನಿಂದ ಬಡಿಯಿರಿ, ಸ್ವಲ್ಪ ಬಿಟ್ಟು ಮತ್ತೆ ಬಡಿಯಿರಿ. ಕೂಗುವುದನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಕೂಗುವಾಗ ಧೂಳು ಒಳಗೆ ಹೋಗುತ್ತದೆ, ಶಕ್ತಿಯೂ ಸೋರುತ್ತದೆ.

ಚಾರಣಕ್ಕೆ ಹೋಗುವವರ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಸೀಟಿ ಇರಲಿ. ಸೀಟಿಯ ಸ್ವರ ಸುಮಾರು 3,000 ಹರ್ಟ್ಜ್ ಆಸುಪಾಸು ಇರುತ್ತದೆ, ಪ್ರೊಪೆಲ್ಲರ್ ಸದ್ದು ಅತಿ ಜೋರಾಗಿರುವ ತಗ್ಗು ಸ್ವರಗಳಿಂದ ಬಹಳ ಮೇಲೆ. ಅದರ ಅಲೆಯ ಉದ್ದ 11–12 ಸೆಂಟಿಮೀಟರ್ ಮಾತ್ರ, ಹಾಗಾಗಿ ಒಂದು ಅಡಿ ಅಗಲದ ಮೈಕ್ ಗುಂಪಿಗೂ ಅದರ ದಿಕ್ಕು ಹೇಳುವುದು ಸುಲಭ. 200 ಹರ್ಟ್ಜ್‌ನ ದನಿಯ ಅಲೆ ಒಂದೂಮುಕ್ಕಾಲು ಮೀಟರ್ ಉದ್ದ, ಅಷ್ಟು ಚಿಕ್ಕ ಗುಂಪಿಗೆ ಅದು ಯಾವ ಕಡೆಯಿಂದ ಬಂತೆಂದು ತಿಳಿಯುವುದು ಕಷ್ಟ. ಮನುಷ್ಯರ ಕಿವಿಗೂ ಸೀಟಿ ಸದ್ದು ದೂರದಿಂದ ಚೆನ್ನಾಗಿ ಕೇಳುತ್ತದೆ. ಮೂರು ಸಲ ಊದಿ, ಸ್ವಲ್ಪ ನಿಲ್ಲಿಸಿ, ಮತ್ತೆ ಮೂರು ಸಲ. ದಾರಿ ತಪ್ಪಿದೆ ಎಂದು ಗೊತ್ತಾದ ಮೇಲೆ ಅಲೆದಾಡದೆ ಒಂದೇ ಜಾಗದಲ್ಲಿರಿ. ಡ್ರೋನ್ ಸದ್ದು ಕೇಳಿದರೆ ಮರದ ನೆರಳಿನಿಂದ ಬಯಲಿಗೆ ಬಂದು, ಸೀಟಿಯ ಜೊತೆಗೆ ಬಣ್ಣದ ಬಟ್ಟೆಯನ್ನೂ ಬೀಸಿ. ಮೇಲಿರುವುದಕ್ಕೆ ಕಿವಿ ಇರುವ ಸಾಧ್ಯತೆ ಕಡಿಮೆ, ಕಣ್ಣಂತೂ ಇದ್ದೇ ಇರುತ್ತದೆ.